ಮೂರ್ನಾಲ್ಕು ಪ್ರಾಜೆಕ್ಟಿಗೆ ಒಂದೇ ಆಪ್ಟ್ ರೆಪೊ ಮಾಡೋದು ಹೇಗೆ

ನೀವು, ನಿಮ್ಮ ಗೆಳೆಯರು ಸೇರಿ ಮೂರ್ನಾಲ್ಕು ಓಪನ್ ಸೋರ್ಸ್ ಪ್ರಾಜೆಕ್ಟ್ ನಡೆಸುತ್ತಿದ್ದೀರಿ ಅಂದುಕೊಳ್ಳಿ. ಒಂದೊಂದಕ್ಕೂ ಬೇರೆ ರೆಪೊ (ಪ್ಯಾಕೇಜ್ ಇಟ್ಟು ಹಂಚೋ ಜಾಗ) ಇದ್ದರೆ ಬಳಸುವವರಿಗೆ ಅಷ್ಟೂ ಕೀ (ರೆಪೊದ ಸಹಿ ಪರೀಕ್ಷಿಸೋದು), ಅಷ್ಟೂ ಸೋರ್ಸ್ ಫೈಲ್ (ರೆಪೊದ ವಿಳಾಸ ಇರೋದು) ಸೇರಿಸೋ ತಲೆನೋವು. ಒಂದೇ ಕಡೆ ಇಡೋದು ವಾಸಿ. ಇಲ್ಲಿ ಹೇಳೋದು ಡೆಬಿಯನ್, ಉಬುಂಟು ಅನ್ನೋ ಲಿನಕ್ಸ್‌ಗಳ ಲೆಕ್ಕದಲ್ಲಿ, ಅವುಗಳಲ್ಲಿ ಪ್ಯಾಕೇಜ್ ತಂದು ಹಾಕೋ ಸಾಧನವೇ ಆಪ್ಟ್.

ಸರ್ವರ್ ಕೆಲಸ ಅರ್ಧ ಗಂಟೆಯದ್ದು. ರೆಪೊ ಕಟ್ಟಿ ನೋಡಿಕೊಳ್ಳೋ ರೆಪ್ರೆಪ್ರೊ ಅನ್ನೋ ಸಾಧನ ಹಾಕಿಕೊಳ್ಳಿ, ಅದರ ಕಾನ್ಫ್ ಫೋಲ್ಡರಿನಲ್ಲಿ ಡಿಸ್ಟ್ರಿಬ್ಯೂಷನ್ಸ್ ಅನ್ನೋ ಫೈಲ್ ಮಾಡಿ ಕೋಡ್‌ನೇಮ್ (ರಿಲೀಸ್ ಹೆಸರು), ಆರ್ಕಿಟೆಕ್ಚರ್ಸ್ (ಪ್ರೊಸೆಸರ್ ಬಗೆ), ಕಾಂಪೊನೆಂಟ್ಸ್ (ರೆಪೊದ ಒಳವಿಭಾಗಗಳು), ಸೈನ್‌ವಿತ್ (ಸಹಿ ಹಾಕೋ ಕೀ) ತುಂಬಿಸಿ. ಮುಂದೆ ಒಂದು ಸಾದಾ ವೆಬ್ ಸರ್ವರ್ ಇಟ್ಟರೆ ಸಾಕು, ಆದರೆ ಕಾನ್ಫ್ ಮತ್ತು ಡಿಬಿ ಫೋಲ್ಡರ್ ಹೊರಗೆ ಕಾಣದಂತೆ ನೋಡಿಕೊಳ್ಳಿ.

ಜಗಳ ಶುರುವಾಗೋದು ಆಮೇಲೆ. ನಾವು ಹೀಗೇ ಮಾಡಿಕೊಂಡಾಗ ಒಂದು ಪ್ರಾಜೆಕ್ಟಿನವರು ಯಾವುದೋ ಲೈಬ್ರರಿಯ 2.3 ಹಾಕಿದ್ದರು, ಇನ್ನೊಂದಕ್ಕೆ ಅದೇ ಲೈಬ್ರರಿಯ 2.1 ಬೇಕಿತ್ತು. ಹಳೆಯದನ್ನು ಹಾಕಲು ಹೋದರೆ ರೆಪ್ರೆಪ್ರೊ ಒಪ್ಪಲಿಲ್ಲ. ರಾತ್ರಿ ಹನ್ನೊಂದಕ್ಕೆ ಒಬ್ಬರು ವರ್ಷನ್ ಮುಂದೆ ಎಪಾಕ್ (ಕೋಲನ್‌ಗೆ ಮೊದಲು ಬರೋ ಅಂಕಿ) ಸೇರಿಸಿ 1:2.1 ಮಾಡಿಬಿಟ್ಟರು. ಎಪಾಕ್ ಇರುವುದು ಇಲ್ಲದ್ದಕ್ಕಿಂತ ಯಾವಾಗಲೂ ದೊಡ್ಡದು. ಬೆಳಿಗ್ಗೆ ಅಪ್‌ಗ್ರೇಡ್ ಮಾಡಿದವರಿಗೆಲ್ಲ 2.3 ಹೋಗಿ 2.1 ಬಂದು ಕೂತಿತ್ತು. ಎಪಾಕ್ ಒಮ್ಮೆ ಹಾಕಿದರೆ ವಾಪಸ್ ತೆಗೆಯೋ ಹಾಗಿಲ್ಲ, ಇನ್ನು ಮುಂದಿನ ಪ್ರತಿ ವರ್ಷನ್‌ಗೂ ಆ 1 ಹೊತ್ತುಕೊಂಡೇ ಹೋಗಬೇಕು. ಪ್ರಾಜೆಕ್ಟಿಗೊಂದು ಕಾಂಪೊನೆಂಟ್ ಮಾಡಿದರೆ ತಪ್ಪಿಸಬಹುದಿತ್ತು ಅಂತ ಅನಿಸಬಹುದು. ಇಲ್ಲ. ಬಳಸುವವರು ಬೇರೆ ಆದ್ಯತೆ ಕೊಟ್ಟಿಲ್ಲದಿದ್ದರೆ, ಒಂದೇ ರೆಪೊದೊಳಗೆ ಆಪ್ಟ್ ನೋಡೋದು ಹೆಸರು, ವರ್ಷನ್ ಅಷ್ಟೇ, ಕಾಂಪೊನೆಂಟ್ ಯಾವುದಾದರೂ ದೊಡ್ಡ ವರ್ಷನ್ನೇ ಗೆಲ್ಲುತ್ತದೆ.

ಅದಕ್ಕೇ ಮೊದಲ ದಿನವೇ ಕೂತು ಯಾವ ಪ್ಯಾಕೇಜ್ ಹೆಸರು ಯಾರದ್ದು ಅಂತ ಬರೆದಿಡಿ. ಬರೆದದ್ದನ್ನು ರೆಪ್ರೆಪ್ರೊದ ಅಪ್‌ಲೋಡರ್ಸ್ ಫೈಲಿಗೂ ಹಾಕಿ, ಈ ಸೋರ್ಸ್ ಪ್ಯಾಕೇಜ್ ಈ ಕೀ ಇರೋರಿಂದ ಮಾತ್ರ ಅಂತ. ಗಮನಿಸಿ, ಈ ಕಾವಲು ಚೇಂಜಸ್ ಫೈಲ್ (ಅಪ್‌ಲೋಡ್ ಜೊತೆ ಬರೋ, ಸಹಿ ಇರೋ ಪಟ್ಟಿ) ಮೂಲಕ ಬಂದದ್ದಕ್ಕೆ ಮಾತ್ರ. ಸರ್ವರಿಗೆ ಲಾಗಿನ್ ಆಗಿ ನೇರವಾಗಿ ಡೆಬ್ (ಪ್ಯಾಕೇಜ್ ಫೈಲ್) ತುರುಕಿದರೆ ಅದು ಕೇಳೋದೇ ಇಲ್ಲ.

ಡೆಬಿಯನ್‌ನಲ್ಲಿ ಇರೋದನ್ನ ಸುಮ್ನೆ ಮತ್ತೆ ಹಾಕಬೇಡಿ. ನಿಮ್ಮ ಆಪ್‌ಗೆ ಕನ್ನಡ ಫಾಂಟ್ ಬೇಕಾ? ನವಿಲು ಫಾಂಟ್ ಡೆಬಿಯನ್‌ನಲ್ಲೇ ಇದೆ, ನಿಮ್ಮ ಪ್ಯಾಕೇಜಿಗೆ ಏನೇನು ಬೇಕು ಅಂತ ಹೇಳೋ ಡಿಪೆಂಡ್ಸ್ ಸಾಲಿನಲ್ಲಿ ಅದರ ಹೆಸರು ಬರೆದರೆ ಮುಗೀತು. ಡೆಬಿಯನ್‌ನಲ್ಲಿರೋದಕ್ಕಿಂತ ಹೊಸ ವರ್ಷನ್ ಬೇಕೇ ಬೇಕು ಅಂದರೆ ಕೊನೆಗೆ ಒಂದು ಟಿಲ್ಡೆ (~ ಗುರುತು) ಸೇರಿಸಿ, 2.3-1~1 ಅನ್ನೋ ಥರ. ಟಿಲ್ಡೆ ಇದ್ದದ್ದು ಬರೀ 2.3-1ಕ್ಕಿಂತ ಚಿಕ್ಕದು, ಹಾಗಾಗಿ ನಾಳೆ ಡೆಬಿಯನ್ನೇ 2.3-1 ಕೊಟ್ಟಾಗ ನಿಮ್ಮದು ತಾನಾಗಿ ಪಕ್ಕಕ್ಕೆ ಸರಿಯುತ್ತದೆ.

ಇನ್ನೊಂದು, ಇದನ್ನ ಜಾಸ್ತಿ ಜನ ಮಾಡೋದಿಲ್ಲ: ಡಿಸ್ಟ್ರಿಬ್ಯೂಷನ್ಸ್ ಫೈಲಿನಲ್ಲಿ ನಾಟ್‌ಆಟೋಮ್ಯಾಟಿಕ್, ಬಟ್‌ಆಟೋಮ್ಯಾಟಿಕ್‌ಅಪ್‌ಗ್ರೇಡ್ಸ್ ಎರಡಕ್ಕೂ ಯೆಸ್ ಕೊಡಿ. ಆಗ ಆಪ್ಟ್ ನಿಮ್ಮ ರೆಪೊಗೆ ಕೊಡೋ ಆದ್ಯತೆ ಮಾಮೂಲಿ 500ರಿಂದ 100ಕ್ಕೆ ಇಳಿಯುತ್ತದೆ. ಡೆಬಿಯನ್ ಬ್ಯಾಕ್‌ಪೋರ್ಟ್ಸ್ (ಸ್ಥಿರ ರಿಲೀಸಿಗೆ ಹೊಸ ವರ್ಷನ್ ಕೊಡೋ ರೆಪೊ) ನಡೆಯೋದೂ ಹೀಗೇ. ಬಳಸುವವರು ಕೇಳಿ ಹಾಕಿಕೊಂಡದ್ದು ಅಪ್‌ಗ್ರೇಡ್ ಆಗುತ್ತದೆ, ಅವರ ಸಿಸ್ಟಮ್‌ನ ಬೇರೆ ಪ್ಯಾಕೇಜಿನ ಮೇಲೆ ನಿಮ್ಮದು ಹೋಗಿ ಕೂರೋದಿಲ್ಲ.

ಕೀ ವಿಷಯ. ಎಲ್ಲ ರೆಪೊಗೂ ನಡೆಯೋ ಹಾಗೆ ಕೀ ಸೇರಿಸುತ್ತಿದ್ದ ಆಪ್ಟ್-ಕೀ ಕಮಾಂಡಿನ ಕಾಲ ಮುಗಿದಿದೆ. ಸೋರ್ಸ್ ಫೈಲಿನಲ್ಲಿ ಸೈನ್ಡ್-ಬೈ (ಈ ರೆಪೊಗೆ ಈ ಕೀ ಅಂತ) ಬರೆಯಲು ಬಳಸುವವರಿಗೆ ಹೇಳಿ, ಆಗ ನಿಮ್ಮ ಕೀ ನಿಮ್ಮ ರೆಪೊಗೆ ಮಾತ್ರ ನಡೆಯುತ್ತದೆ. ಕೀಯನ್ನೇ ಒಂದು ಸಣ್ಣ ಪ್ಯಾಕೇಜ್ ಮಾಡಿ ಅದೇ ರೆಪೊದಲ್ಲಿಡಿ. ಅವಧಿ ಮುಗಿಯೋಕೆ ಎರಡು ತಿಂಗಳು ಮೊದಲೇ ಹೊಸದು ಕಳಿಸಿದರೆ ಆ ಪ್ಯಾಕೇಜ್ ಹಾಕಿಕೊಂಡವರಿಗೆಲ್ಲ ಅಪ್‌ಗ್ರೇಡ್ ಜೊತೆಗೇ ತಲುಪುತ್ತದೆ.