ಹಿಮೋಫಿಲಿಯಾ ಮಂಡಿಗೆ ಏಳು ಪ್ಲಾಸ್ಟರ್: ನನ್ನ ಅನುಭವ

ಹುಡುಗನ ಬಲಗಾಲಿನ ಚಪ್ಪಲಿ ಮುಂದೆ ಮಾತ್ರ ಸವೆದಿತ್ತು. ಹಿಮ್ಮಡಿ ಕಡೆ ಅಂಗಡಿಯಿಂದ ತಂದ ಹಾಗೇ ಇತ್ತು. ಕೀಲಿನ ಬಾಗು ಅಳೆಯುವ ಗೋನಿಯೋಮೀಟರ್ ಇಡುವ ಮೊದಲೇ ನನಗೆ ವಿಷಯ ಗೊತ್ತಾಯಿತು. ಅಳೆದರೆ 42 ಡಿಗ್ರಿ ಬಾಗು. ವಯಸ್ಸು 19, ತೂಕ 50 ಕೆಜಿ ಆಸುಪಾಸು, ಕಾಯಿಲೆ ಹಿಮೋಫಿಲಿಯಾ, ಅಂದ್ರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಕುಸುಮರೋಗ. ಹೆಪ್ಪುಗಟ್ಟಿಸುವ ಫ್ಯಾಕ್ಟರ್ 8 ಅವನ ರಕ್ತದಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ, ಅಂದ್ರೆ ಸಿವಿಯರ್. ರಾಣೆಬೆನ್ನೂರು ಕಡೆಯ ಹಳ್ಳಿ. ಆರನೇ ಕ್ಲಾಸಿನಿಂದ ಅದೇ ಮಂಡಿಯಲ್ಲಿ ರಕ್ತ ತುಂಬಿ ತುಂಬಿ, ಮೂರು ವರ್ಷದಿಂದ ಕಾಲು ನೆಟ್ಟಗೇ ಆಗಿರಲಿಲ್ಲ.

"ನೆಟ್ಟಗ ಆಗ್ತದೇನ್ರಿ ಸರ?" ಅಂತ ಅವರ ತಾಯಿ ಕೇಳಿದರು. "ನೋಡೋಣ್ರಿ ಅಮ್ಮಾ" ಅಂದೆ. ಅಷ್ಟೇ ಹೇಳುವ ಧೈರ್ಯ ಇದ್ದದ್ದು.

ಎಕ್ಸ್‌ರೇ ನೋಡಿದ ಮೂಳೆ ಡಾಕ್ಟರು ನಕ್ಕರು. ತೊಡೆ ಮೂಳೆಯ ತುದಿಯ ಕಚ್ಚು (ನಾಚ್) ಅಗಲ ಆಗಿದೆ, ಮಂಡಿಚಿಪ್ಪು ಪಟೆಲ್ಲಾದ ಕೆಳತುದಿ ಚೌಕ ಆಗಿದೆ, ಒಳಬದಿಯ ಸಂದಿ ಮುಕ್ಕಾಲು ಹೋಗಿದೆ. ಸದ್ಯ ಹೀಗೇ ಕುಂಟಲಿ, ವಯಸ್ಸಾದ ಮೇಲೆ ಮಂಡಿ ಬದಲಿಸೋಣ ಅಂದರು. ನನ್ನ ಜೊತೆ ಫಿಸಿಯೋಥೆರಪಿ ಓದಿದ ಗೆಳೆಯನೊಬ್ಬ, "30 ಡಿಗ್ರಿ ದಾಟಿದ್ದಕ್ಕೆ ಕೈ ಹಾಕಬೇಡ ಮಾರಾಯ, ಹೆಸರು ಕೆಡ್ತದೆ" ಅಂದ. ಇಬ್ಬರ ಮಾತೂ ಸುಳ್ಳಲ್ಲ. ಯಾಕಂದ್ರೆ ಹಿಂದೆ ನಾನೇ ಒಂದು ಮಂಡಿ ಕೆಡಿಸಿದ್ದೆ.

ಅದನ್ನೂ ಹೇಳಿಬಿಡ್ತೀನಿ. ಕ್ಲಿನಿಕ್ ಹಾಕಿದ ಹೊಸತು. ಪಾದದ ಹತ್ತಿರ ತೂಕ ಕಟ್ಟಿ ಎಳೆದೆ. ಹತ್ತು ದಿನದಲ್ಲಿ 12 ಡಿಗ್ರಿ ಸಿಕ್ಕಿತು ಅಂತ ಬೀಗಿದೆ. ಪಕ್ಕದಿಂದ ನೋಡಿದಾಗ ಗೊತ್ತಾಯಿತು, ಮಂಡಿ ಬಿಚ್ಚಿಕೊಂಡೇ ಇರಲಿಲ್ಲ, ಮಂಡಿ ಕೆಳಗಿನ ಮೂಳೆ ಟಿಬಿಯಾ ಹಿಂದಕ್ಕೆ ಜಾರಿತ್ತು. ಅದರ ಮೇಲೆ ಫ್ಯಾಕ್ಟರ್ ಇಂಜೆಕ್ಷನ್ ಇಲ್ಲದೆ ಸ್ಟ್ರೆಚ್ ಬೇರೆ ಮಾಡಿದ್ದೆ. ಆ ರಾತ್ರಿ ಮಂಡಿ ತೆಂಗಿನಕಾಯಿ ಹಾಗೆ ಊದಿತು. ಆತ ಮತ್ತೆ ನನ್ನ ಹತ್ತಿರ ಬರಲಿಲ್ಲ. ಬರಬಾರದಿತ್ತು ಕೂಡ.

ಹಾಗಾಗಿ ಈ ಸಲ ಎಳೆಯೋದು, ಒತ್ತೋದು ಯಾವುದೂ ಬೇಡ ಅಂತ, ಕಾಲನ್ನು ಸ್ವಲ್ಪ ಸ್ವಲ್ಪವೇ ನೆಟ್ಟಗೆ ಮಾಡುತ್ತಾ ಪ್ಲಾಸ್ಟರ್ ಬದಲಿಸುವ ಸೀರಿಯಲ್ ಕಾಸ್ಟಿಂಗ್ ಹಿಡಿದೆ. ಹಾಕಿದ ಫ್ಯಾಕ್ಟರನ್ನು ಕೆಲಸ ಮಾಡದಂತೆ ತಡೆಯುವ ಇನ್ಹಿಬಿಟರ್ ರಕ್ತದಲ್ಲಿ ಇಲ್ಲ ಅನ್ನೋ ರಿಪೋರ್ಟ್ ಕೈಗೆ ಬಂದ ಮೇಲೇ ಶುರು ಮಾಡಿದ್ದು. ಪ್ಲಾಸ್ಟರ್ ಬದಲಿಸುವ ದಿನ ಕೆಜಿಗೆ 20 ಯೂನಿಟ್ಟಿನಂತೆ 1,000 ಯೂನಿಟ್ ಫ್ಯಾಕ್ಟರ್. ಡೋಸ್ ಅವನ ಡಾಕ್ಟರು ಬರೆದದ್ದು, ನನ್ನದಲ್ಲ. ಲೆಕ್ಕಕ್ಕೆ ರಕ್ತದಲ್ಲಿ ಫ್ಯಾಕ್ಟರ್ ಲೆವೆಲ್ 40% ಹತ್ತಿರ ಏರಬೇಕು. ಎರಡು ಪ್ಲಾಸ್ಟರ್ ಆದರೂ ಸಿಕ್ಕಿದ್ದು ಮೂರೇ ಡಿಗ್ರಿ. ಎರಡು ಸಲವೂ ಸಂಜೆಗೆ ಮಂಡಿ ಬೆಚ್ಚಗಾಗುತ್ತಿತ್ತು, ಒಳಗೆ ರಕ್ತ ಜಿನುಗುವ ಲಕ್ಷಣ ಅದು. ತಲೆ ಕೆಟ್ಟುಹೋಯಿತು.

ಕಾರಣ ಬಸ್ಸು! ಬೆಳಿಗ್ಗೆ ಒಂಬತ್ತಕ್ಕೆ ಆಸ್ಪತ್ರೆಯಲ್ಲಿ ಇಂಜೆಕ್ಷನ್, ಬಸ್ಸು ಹಿಡಿದು ನನ್ನ ಹತ್ತಿರ ಬರುವ ಹೊತ್ತಿಗೆ ಮಧ್ಯಾಹ್ನ ಎರಡು ಗಂಟೆ. ಫ್ಯಾಕ್ಟರ್ 8 ಎಂಟು-ಹನ್ನೆರಡು ಗಂಟೆಯಲ್ಲಿ ಅರ್ಧ ಇಳಿಯುತ್ತೆ ಅಂತ ನಮಗೆಲ್ಲ ಬಾಯಿಪಾಠ. ಆದರೆ ಬಸ್ಸಿನ ಟೈಮನ್ನು ಅದಕ್ಕೆ ಸೇರಿಸಿ ಯಾರು ಲೆಕ್ಕ ಹಾಕ್ತಾರೆ? ಆಸ್ಪತ್ರೆಯ ಸಿಸ್ಟರ್ ಹುಡುಗನಿಗೆ ತಾನೇ ಚುಚ್ಚಿಕೊಳ್ಳೋದು ಕಲಿಸಿದರು. ಫ್ಯಾಕ್ಟರಿನ ಸೀಸೆ (ವಯಲ್) ಐಸ್ ಡಬ್ಬಿಯಲ್ಲಿ ಬಂತು. ನನ್ನ ಟೇಬಲ್ ಪಕ್ಕದಲ್ಲೇ ಕೂತು ಹಾಕಿಕೊಂಡ. ಅರ್ಧ ಗಂಟೆ ಬಿಟ್ಟು ಕೆಲಸ ಶುರು. ಅವತ್ತಿನಿಂದ ಪ್ಲಾಸ್ಟರಿಗೆ ಆರು ಡಿಗ್ರಿ ಆಸುಪಾಸು ಬರತೊಡಗಿತು.

ಇನ್ನೊಂದು ತೊಡಕು ಕಟರ್‌ನದು. ಗರಗಸದ ಸದ್ದಿಗೆ ಹುಡುಗ ಬಿಗಿಯಾಗುತ್ತಿದ್ದ. ತೊಡೆ ಹಿಂಬದಿಯ ಹ್ಯಾಮ್‌ಸ್ಟ್ರಿಂಗ್ ಸ್ನಾಯು ಹಗ್ಗದ ಹಾಗೆ ಎದ್ದು ನಿಲ್ಲುತ್ತಿತ್ತು. ಆಮೇಲೆ ಅದು ಬಿಡೋಕೆ ಅರ್ಧ ದಿನ. ಮಕ್ಕಳ ಸೊಟ್ಟ ಪಾದದ ಪ್ಲಾಸ್ಟರ್ ನೆನೆಸಿ ಬಿಚ್ಚೋದನ್ನು ನೋಡಿದ್ದೆ. ಅದನ್ನೇ ಮಾಡಿದೆವು. ಅಗಲವಾದ ಟಬ್ಬಿನಲ್ಲಿ ಕಾಲಿಟ್ಟು ಮುಕ್ಕಾಲು ಗಂಟೆ ಕೂರಿಸೋದು. ಆಮೇಲೆ ಅವನ ತಾಯಿಯೇ ತುದಿ ಹುಡುಕಿ, ಹೂವಿನ ಸರ ಬಿಡಿಸಿದ ಹಾಗೆ ಸುರುಳಿ ಬಿಚ್ಚುತ್ತಿದ್ದರು. ನೆಲವೆಲ್ಲ ರಾಡಿ. ಆದರೆ ಬಿಚ್ಚಿದ ಕಾಲು ಮೆತ್ತಗೆ ಸಿಗುತ್ತಿತ್ತು. ಕೊನೆಯದನ್ನು ಮಾತ್ರ ಕಟರ್‌ನಲ್ಲಿ ಎರಡು ಹೋಳು ಮಾಡಿ ರಾತ್ರಿ ಕಾಲಿಗೆ ಕಟ್ಟುವ ಸ್ಪ್ಲಿಂಟ್ ಮಾಡಿದೆ.

ಹೊಸ ಪ್ಲಾಸ್ಟರ್ ಒಣಗುವಾಗ ಕೈ ಎಲ್ಲಿಡಬೇಕು, ಹುಡುಗನಿಂದ ಏನು ಮಾಡಿಸಬೇಕು ಅನ್ನೋದರಲ್ಲಿ ಒಂದು ಮರ್ಮ ಇದೆ. ಒಂದೆರಡು ಡಿಗ್ರಿ ಅಲ್ಲೇ ಪುಕ್ಕಟೆ ಸಿಗುತ್ತೆ. ಅದನ್ನು ಬರೆಯಲ್ಲ. ಓದಿ ಮಾಡಿದರೆ ತಪ್ಪಾಗುವ ಕೆಲಸ ಅದು. ಬಂದರೆ ತೋರಿಸ್ತೀನಿ. ಮಂಡಿಯ ಹೊರಬದಿಯಲ್ಲಿ ಹಾಯುವ ಪೆರೋನಿಯಲ್ ನರದ ಕಡೆ ಮಾತ್ರ ಕಣ್ಣಿರಲಿ, ಅದು ಒತ್ತಿಹೋದರೆ ಹೆಬ್ಬೆರಳು ಮೇಲೇಳಲ್ಲ. ದಿನಾ ರಾತ್ರಿ ಒಂಬತ್ತಕ್ಕೆ ತಾಯಿಯ ಫೋನು: "ಹೆಬ್ಬೆರಳು ಎತ್ತ್ಯಾನ್ರಿ ಸರ."

ದುಡ್ಡಿನ ಮಾತು. ಒಂದು ಪ್ಲಾಸ್ಟರಿಗೆ ರೋಲು, ಹತ್ತಿ ಎಲ್ಲ ಸೇರಿ 600 ರೂಪಾಯಿ ಆಗಿರಬಹುದು. ಏಳು ಪ್ಲಾಸ್ಟರಿಗೆ ನಾಲ್ಕು ಸಾವಿರ ಚಿಲ್ಲರೆ. ನನ್ನ ಫೀಸು ಅರ್ಧ ತಗೊಂಡೆ, ಉಳಿದದ್ದಕ್ಕೆ ಒಂದು ಚೀಲ ಮೆಕ್ಕೆಜೋಳ ಬಂತು. ಫ್ಯಾಕ್ಟರ್ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಕೊಂಡಿದ್ದರೆ ಲಕ್ಷದ ಮಾತು, ಆ ಮನೆಗೆ ಆಗದ ಕೆಲಸ. ನಡುವೆ ಸ್ಟಾಕ್ ಖಾಲಿಯಾಗಿ ಹತ್ತು ದಿನ ಕೆಲಸ ನಿಂತಿತು. ಹಾಕಿದ ಪ್ಲಾಸ್ಟರನ್ನು ಹಾಗೇ ಬಿಟ್ಟೆವು, ಸಿಕ್ಕಿದ್ದು ಕಳೆಯಬಾರದಲ್ಲ. ನಮ್ಮ ಕಡೆ ಕುಸುಮರೋಗ ಅಂದರೆ ಜನಕ್ಕೆ ಅಷ್ಟಿಷ್ಟಾದರೂ ಗೊತ್ತಿದೆ ಅಂದ್ರೆ ಅದಕ್ಕೆ ದಾವಣಗೆರೆಯ ಹಿಮೋಫಿಲಿಯಾ ಸೊಸೈಟಿ ಕಾರಣ. ಅದನ್ನು ಕಟ್ಟಿದ ಡಾ. ಸುರೇಶ್ ಹನಗವಾಡಿ ಅವರಿಗೇ ಈ ಕಾಯಿಲೆ ಇದೆ, ಕಷ್ಟ ಏನು ಅಂತ ಒಳಗಿನಿಂದ ಬಲ್ಲವರು.

ನೆಟ್ಟಗಾದ ಕಾಲಿಗೆ ಬಲ ಇಲ್ಲದಿದ್ದರೆ ತಿಂಗಳಲ್ಲಿ ಮತ್ತೆ ಬಾಗುತ್ತೆ. ತೊಡೆ ಸುತ್ತಳತೆ ಮೂರು ಸೆಂಟಿಮೀಟರ್ ಕಮ್ಮಿ ಇತ್ತು. ಹಳೆಯ ಬಿಪಿ ಪಟ್ಟಿಯನ್ನು ಮಂಡಿ ಕೆಳಗಿಟ್ಟು 20ಕ್ಕೆ ಗಾಳಿ ತುಂಬಿ, ಮುಳ್ಳು 40ಕ್ಕೆ ಏರುವ ಹಾಗೆ ಒತ್ತಿಸಿದೆ. ಹುಡುಗನಿಗೆ ಅದು ಆಟ ಆಯಿತು. ಆಮೇಲೆ ಊಟದ ಮಣೆ ಮೇಲೆ ಹತ್ತಿ ಇಳಿಯೋದು. ಮರಳು ಚೀಲ ಅರ್ಧ ಕೆಜಿಯಿಂದ ಮೇಲೆ ಹೋಗಲೇ ಇಲ್ಲ.

ಸುಮ್ನೆ ಮಂಡಿಗೆ ಅಂಟುಪಟ್ಟಿ ಹಚ್ಚುವ ಟೇಪಿಂಗೂ ಮಾಡಿ ನೋಡಿದೆ. ಚರ್ಮ ಕೆಂಪಾದದ್ದೇ ಲಾಭ. ಪರಿಚಯದ ಲಾಡ್ಜಿನ ಈಜುಕೊಳದಲ್ಲಿ ನಾಲ್ಕು ದಿನ ನಡೆಸಿದೆ, ಅದು ಚೆನ್ನಾಗಿತ್ತು. ಐದನೇ ದಿನ ಮಾಲೀಕರು ಬಿಲ್ ಕೊಟ್ಟರು.

ಒಂದು ತಪ್ಪು ಈ ಸಲವೂ ಆಯಿತು. ಕಾಲು ಬಿಚ್ಚಿಸುವ ಹುಮ್ಮಸ್ಸಿನಲ್ಲಿ ಮಡಚೋದನ್ನು ಮರೆತೆ. 100 ಡಿಗ್ರಿ ಮಡಚುತ್ತಿದ್ದ ಮಂಡಿ 80ಕ್ಕೆ ಬಂದಿತ್ತು. ಅದನ್ನು 95ಕ್ಕೆ ತರೋಕೆ ಮೂರು ವಾರ ಬೇಕಾಯಿತು. ಈಗ ಮಾಡೋದಾದರೆ ಪ್ರತಿ ಸಲ ಬಿಚ್ಚಿದಾಗಲೂ ಅರ್ಧ ದಿನ ಕಾಲು ಬಿಟ್ಟು ಮಡಚಿಸ್ತೀನಿ.

ಸುಮಾರು ಎರಡೂವರೆ ತಿಂಗಳಿಗೆ 8 ಡಿಗ್ರಿಗೆ ನಿಲ್ಲಿಸಿದೆ. ಅದರ ಮೇಲೆ ಮೂಳೆಗೆ ಮೂಳೆ ತಾಗುವ ಗಟ್ಟಿತನ ಕೈಗೆ ಸಿಕ್ಕಿತು, ಒತ್ತಲಿಲ್ಲ. ವರ್ಷದ ಮೇಲಾಯಿತು, ಈಗಲೂ ಹತ್ತರೊಳಗೇ ಇದೆ. ನಕ್ಕಿದ್ದ ಡಾಕ್ಟರು ಕಳೆದ ತಿಂಗಳು ಇಂಥದ್ದೇ ಇನ್ನೊಬ್ಬನನ್ನು ಚೀಟಿ ಬರೆದು ಕಳಿಸಿದ್ದಾರೆ, 35 ಡಿಗ್ರಿ. ನಮ್ಮ ಹುಡುಗ ಜಾಸ್ತಿ ನಡೆಯತೊಡಗಿದ ಮೇಲೆ ಎಡ ಪಾದದ ಕೀಲು ಎರಡು ಸಲ ಊದಿದೆ. ಸೋಮವಾರ ಬಾ ಅಂದಿದ್ದೀನಿ, ವಯಲ್ ತಗೊಂಡು.