ಹಳೆಯ ಲಾರಿಯ ಕ್ಲಚ್: ನಟ್ ತಿರುಗಿಸುವ ಮೊದಲು ಅಳತೆ

ಬಳಸಿದ ಲಾರಿಯ ಕ್ಲಚ್ ಹೇಗಿದೆ ಎಂದು ಬರೀ ಪೆಡಲ್ ತುಳಿದು ತೀರ್ಮಾನಿಸಬೇಡಿ. ಪ್ಲೇಟ್ ಸವೆದು ಮುಗಿಯುತ್ತಾ ಬಂದಿದ್ದರೂ ಅಡ್ಜಸ್ಟಿಂಗ್ ನಟ್ಟನ್ನು ನಾಲ್ಕು ಸುತ್ತು ತಿರುಗಿಸಿಬಿಟ್ಟರೆ ಪೆಡಲ್ ಕಾಲಿಗೆ ಹೊಸದರಂತೆಯೇ ಅನ್ನಿಸುತ್ತದೆ. ಹಾಗಾಗಿ ಸ್ಪ್ಯಾನರ್ ಹಿಡಿಯುವ ಮೊದಲು ಎರಡು ಸಂಗತಿ ನೋಡಿ ಬರೆದಿಟ್ಟುಕೊಳ್ಳಿ: ಈಗ ಫ್ರೀ ಪ್ಲೇ ಎಷ್ಟಿದೆ, ಆ ನಟ್ ಕೂತಿರುವ ರಾಡಿನಲ್ಲಿ ಇನ್ನೆಷ್ಟು ಥ್ರೆಡ್ ಉಳಿದಿದೆ. ಥ್ರೆಡ್ ತುದಿಯವರೆಗೂ ಮುಗಿದಿದ್ದರೆ ಆ ಕ್ಲಚ್ಚಿಗೆ ಅಡ್ಜಸ್ಟ್‌ಮೆಂಟ್ ಸಾಲದು, ಬಹುಪಾಲು ಪ್ಲೇಟನ್ನೇ ಬದಲಿಸಬೇಕು.

ಫ್ರೀ ಪ್ಲೇ ಎಂದರೆ ಪೆಡಲ್ ಒತ್ತಲು ಶುರುಮಾಡಿದಲ್ಲಿಂದ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಹೋಗಿ, ಪ್ಲೇಟನ್ನು ಎಂಜಿನ್ನಿನ ಫ್ಲೈವೀಲಿಗೆ ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟಿನ ಬೆರಳುಗಳಿಗೆ ತಾಗುವವರೆಗಿನ ಸಡಿಲ. ಪ್ಲೇಟಿನ ಲೈನಿಂಗ್ ಸವೆದಂತೆ ಪ್ರೆಶರ್ ಪ್ಲೇಟ್ ಫ್ಲೈವೀಲಿನ ಕಡೆ ಸರಿಯುತ್ತದೆ, ಅದರ ಬೆರಳುಗಳು ಬೇರಿಂಗಿನ ಕಡೆ ಬರುತ್ತವೆ. ಈ ಸಡಿಲ ತಾನಾಗಿಯೇ ಕರಗುವುದು ಹೀಗೆ. ಪೂರ್ತಿ ಹೋದ ಮೇಲೆ, ಪೆಡಲ್ ಮುಟ್ಟದಿದ್ದರೂ ಬೇರಿಂಗ್ ಬೆರಳುಗಳನ್ನು ಒತ್ತಿಕೊಂಡೇ ತಿರುಗುತ್ತದೆ. ಕ್ಲಚ್ ಪೂರ್ತಿ ಹಿಡಿಯುವುದಿಲ್ಲ, ಏರಿನಲ್ಲಿ ಸ್ಲಿಪ್ ಆಗುತ್ತದೆ, ಪ್ಲೇಟ್ ಸುಟ್ಟು ಅದರ ಜೊತೆಗೆ ಬೇರಿಂಗೂ ಹೋಗುತ್ತದೆ. ಸಡಿಲ ಅತಿಯಾದರೆ ಇದಕ್ಕೆ ತದ್ವಿರುದ್ಧ: ಪೆಡಲ್ ನೆಲ ಮುಟ್ಟಿದರೂ ಕ್ಲಚ್ ಪೂರ್ತಿ ಬಿಡುವುದಿಲ್ಲ, ಗೇರ್ ಹಾಕುವಾಗ ಕರಕರ ಎನ್ನುತ್ತದೆ.

ಲಾರಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಹಿಂದೆ ಮುಂದೆ ಮರದ ತುಂಡು ಕೊಟ್ಟು, ಪಾರ್ಕಿಂಗ್ ಬ್ರೇಕ್ ಹಾಕಿ, ಎಂಜಿನ್ ಆಫ್ ಮಾಡಿ. ಪೆಡಲ್ ಕೆಳಗಿನ ಮ್ಯಾಟ್ ತೆಗೆದುಬಿಡಿ. ದಪ್ಪ ಮ್ಯಾಟ್ ಒಂದೇ ಸಾಕು, ಪೆಡಲ್ ಪೂರ್ತಿ ಹೋಗದಂತೆ ತಡೆಯಲು. ಒಂದು ಸ್ಕೇಲನ್ನು ಪೆಡಲ್ ಪಕ್ಕದಲ್ಲಿ, ಪೆಡಲ್ ಚಲಿಸುವ ದಿಕ್ಕಿಗೇ ನಿಲ್ಲಿಸಿ ಪೆಡಲಿನ ಎತ್ತರ ಓದಿಕೊಳ್ಳಿ. ಈಗ ಕಾಲು ಬೇಡ, ಅಂಗೈಯಿಂದ ಒತ್ತಿ. ಮೊದಲು ರಿಟರ್ನ್ ಸ್ಪ್ರಿಂಗಿನ ಹಗುರ ಎಳೆತ ಮಾತ್ರ ಸಿಗುತ್ತದೆ. ಒಂದು ಕಡೆ ಒಮ್ಮೆಗೇ ಭಾರ ಶುರುವಾಗುತ್ತದೆ. ಅಲ್ಲಿ ನಿಲ್ಲಿಸಿ ಮತ್ತೆ ಸ್ಕೇಲ್ ಓದಿ. ಎರಡರ ಅಂತರವೇ ಫ್ರೀ ಪ್ಲೇ. ಕಾಲಿಗೆ ಈ ಬದಲಾವಣೆ ತಿಳಿಯುವುದೇ ಇಲ್ಲ, ಕೈಗೆ ಸ್ಪಷ್ಟವಾಗಿ ತಿಳಿಯುತ್ತದೆ.

ಕೇಬಲ್ ಅಥವಾ ರಾಡ್ ಇರುವ ಚಿಕ್ಕ ಟ್ರಕ್‌ಗಳಲ್ಲಿ ಈ ಸಡಿಲ ಸಾಮಾನ್ಯವಾಗಿ 15ರಿಂದ 25 ಮಿ.ಮೀ. ಇರುತ್ತದೆ. ನಿಮ್ಮ ಲಾರಿಯ ಮ್ಯಾನ್ಯುಯಲ್ ಬೇರೆ ಅಂಕಿ ಕೊಟ್ಟಿದ್ದರೆ ಅದೇ ಅಂತಿಮ.

ಅಡ್ಜಸ್ಟ್ ಮಾಡುವ ಮುನ್ನ ಲಿಂಕೇಜನ್ನು ಒಮ್ಮೆ ಕೈಯಿಂದ ಅಲುಗಾಡಿಸಿ ನೋಡಿ. ಹೆಚ್ಚಿನವರು ಬಿಟ್ಟುಬಿಡುವ ಹಂತ ಇದೇ. ಪಿನ್ ಕೂರುವ ರಂಧ್ರ ಸವೆದು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ, ಪೆಡಲ್ ಬುಷ್ ಅಲ್ಲಾಡುತ್ತಿದ್ದರೆ, ಕೇಬಲಿನ ಎಳೆಗಳು ಬಿಚ್ಚಿಕೊಂಡಿದ್ದರೆ ನೀವು ಅಳೆಯುವ ಸಡಿಲದಲ್ಲಿ ಕ್ಲಚ್ಚಿನದೆಷ್ಟು, ಪಿನ್ನಿನದೆಷ್ಟು ಎಂದು ಗೊತ್ತಾಗುವುದಿಲ್ಲ. ರಂಧ್ರದ 1 ಮಿ.ಮೀ. ಸವೆತ ಪೆಡಲಿಗೆ ಬರುವಷ್ಟರಲ್ಲಿ ಹಲವು ಪಟ್ಟಾಗಿರುತ್ತದೆ. ಮೊದಲು ಪಿನ್, ಬುಷ್ ಬದಲಿಸಿ, ಆಮೇಲೆ ಅಳೆಯಿರಿ.

ಈಗ ನಟ್. ತುಕ್ಕು ಹಿಡಿದಿದ್ದರೆ ವೈರ್ ಬ್ರಷ್‌ನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ ಸ್ವಲ್ಪ ಹೊತ್ತು ಬಿಡಿ. ರಾಡನ್ನು ಒಂದು ಸ್ಪ್ಯಾನರಿನಿಂದ ಹಿಡಿದು ಲಾಕ್ ನಟ್ ಸಡಿಲಿಸಿ, ಇಲ್ಲದಿದ್ದರೆ ರಾಡೂ ಜೊತೆಗೆ ತಿರುಗುತ್ತದೆ. ಫೋರ್ಕನ್ನು (ರಿಲೀಸ್ ಬೇರಿಂಗನ್ನು ಸರಿಸುವ ಕವಲು ಸನ್ನೆ) ತಳ್ಳುವ ರಾಡ್ ಗಿಡ್ಡವಾದರೆ ಫ್ರೀ ಪ್ಲೇ ಹೆಚ್ಚುತ್ತದೆ, ಉದ್ದವಾದರೆ ಕಡಿಮೆಯಾಗುತ್ತದೆ. ಕೇಬಲ್ ಆದರೆ ಸಡಿಲಿಸಿದಷ್ಟೂ ಹೆಚ್ಚು. ಒಂದು ಸಲಕ್ಕೆ ಅರ್ಧ ಸುತ್ತು ಸಾಕು, 1.5 ಮಿ.ಮೀ. ಪಿಚ್ ಇರುವ 10 ಮಿ.ಮೀ. ರಾಡಿನಲ್ಲಿ ಅದು 0.75 ಮಿ.ಮೀ. ಆಯಿತು. ಅಳತೆ ಸರಿ ಬಂದ ಮೇಲೆ ಲಾಕ್ ನಟ್ ಬಿಗಿಮಾಡಿ, ಪೆಡಲನ್ನು ಹತ್ತು ಸಲ ಪೂರ್ತಿ ಒತ್ತಿ ಬಿಟ್ಟು ಮತ್ತೊಮ್ಮೆ ಅಳೆಯಿರಿ. ಲಾಕ್ ನಟ್ ಬಿಗಿಮಾಡುವಾಗ ಅಳತೆ ಸರಿದಿರುವುದು ಮಾಮೂಲು.

ಆಯಿಲ್ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಕ್ಲಚ್ಚಿನಲ್ಲಿ ಹೆಚ್ಚಿನ ಕಡೆ ಪ್ಲೇಟಿನ ಸವೆತವನ್ನು ಫೋರ್ಕನ್ನು ತಳ್ಳುವ ಸ್ಲೇವ್ ಸಿಲಿಂಡರ್ ತಾನೇ ಸರಿದೂಗಿಸುತ್ತದೆ. ಅಲ್ಲಿ ನೀವು ನೋಡಬೇಕಾದ್ದು ಪೆಡಲಿನ ಪುಶ್ ರಾಡಿಗೂ ಮಾಸ್ಟರ್ ಸಿಲಿಂಡರಿನ ಪಿಸ್ಟನ್ನಿಗೂ ನಡುವಿನ ಸಣ್ಣ ಸಡಿಲ. ಇದು ಚೂರೂ ಇಲ್ಲದಿದ್ದರೆ ಪಿಸ್ಟನ್ ಹಿಂದಕ್ಕೆ ಪೂರ್ತಿ ಬರುವುದಿಲ್ಲ, ಆಯಿಲ್ ಟ್ಯಾಂಕಿಗೆ ಮರಳುವ ಸಣ್ಣ ರಂಧ್ರ ಮುಚ್ಚಿಕೊಂಡೇ ಇರುತ್ತದೆ. ಬಿಸಿಗೆ ಆಯಿಲ್ ಹಿಗ್ಗಿದಾಗ ಒತ್ತಡಕ್ಕೆ ದಾರಿಯಿರದೆ ಅದು ಸ್ಲೇವ್ ಸಿಲಿಂಡರನ್ನು ತಳ್ಳುತ್ತದೆ. ಬೆಳಿಗ್ಗೆ ಚೆನ್ನಾಗಿದ್ದ ಲಾರಿ ಮಧ್ಯಾಹ್ನ ಸ್ಲಿಪ್ ಆಗುತ್ತಿದ್ದರೆ ಮೊದಲು ಇದನ್ನೇ ನೋಡಿ. ಪೆಡಲ್ ಸ್ಪಂಜಿನಂತಿದ್ದು, ಎರಡು ಮೂರು ಸಲ ಬೇಗ ಬೇಗ ಒತ್ತಿದರೆ ಗಟ್ಟಿಯಾಗುತ್ತಿದ್ದರೆ ಲೈನಿನಲ್ಲಿ ಗಾಳಿ ಸೇರಿರಬಹುದು, ಬ್ಲೀಡ್ ಮಾಡಿ, ಅಂದರೆ ಆ ಗಾಳಿ ಹೊರತೆಗೆಯಿರಿ. ಟ್ಯಾಂಕಿನ ಮುಚ್ಚಳದ ಮೇಲೆ ಬರೆದಿರುವ ಆಯಿಲನ್ನೇ ಹಾಕಿ. ಬ್ರೇಕ್ ಆಯಿಲ್ ಬೇಡುವ ಕಡೆ ಎಂಜಿನ್ ಆಯಿಲ್ ಹಾಕಿದರೆ ರಬ್ಬರ್ ಸೀಲುಗಳು ಉಬ್ಬಿ ಕೆಡುತ್ತವೆ. ಪೆಡಲ್ ಒತ್ತಲು ನೆರವಾಗುವ ಗಾಳಿಯ ಸರ್ವೋ ಇರುವ ಲಾರಿಯಲ್ಲಿ ಕ್ಲಚ್ ಬಿಡುತ್ತದೆಯೇ ಎಂದು ನೋಡುವ ಮುನ್ನ ಗೇಜಿನಲ್ಲಿ ಪೂರ್ತಿ ಒತ್ತಡ ಬರಲಿ. ಗಾಳಿಯಿಲ್ಲದೆ ಪೆಡಲ್ ಕಲ್ಲಿನಂತಿರುತ್ತದೆ, ಅದು ಕ್ಲಚ್ಚಿನ ದೋಷವಲ್ಲ.

ಸಿಂಕ್ರೊಮೆಶ್ (ಗೇರುಗಳ ವೇಗ ಹೊಂದಿಸುವ ಏರ್ಪಾಡು) ಇಲ್ಲದ ಗೇರ್‌ಬಾಕ್ಸಿನ ಭಾರಿ ಟ್ರಕ್‌ಗಳ ಪುಲ್ ಟೈಪ್ ಕ್ಲಚ್, ಅಂದರೆ ಬೇರಿಂಗನ್ನು ತಳ್ಳುವ ಬದಲು ಗೇರ್‌ಬಾಕ್ಸಿನ ಕಡೆ ಎಳೆದು ಬಿಡಿಸುವ ಕ್ಲಚ್, ಬೇರೆಯೇ ಜಾತಿ. ಅಲ್ಲಿ ಪೆಡಲಿನ ಫ್ರೀ ಪ್ಲೇ 38ರಿಂದ 50 ಮಿ.ಮೀ., ಫೋರ್ಕಿಗೂ ಬೇರಿಂಗಿಗೂ ನಡುವೆ ಸುಮಾರು 3 ಮಿ.ಮೀ., ಬೇರಿಂಗಿಗೂ ಕ್ಲಚ್ ಬ್ರೇಕಿಗೂ (ಪೆಡಲ್ ಪೂರ್ತಿ ಒತ್ತಿದಾಗ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟನ್ನು ನಿಲ್ಲಿಸುವ ಬಿಲ್ಲೆ) ನಡುವೆ 12.7ರಿಂದ 14.3 ಮಿ.ಮೀ. ಇರಬೇಕು. ಪ್ಲೇಟ್ ಸವೆದರೆ ಈ ಕೊನೆಯ ಅಂತರ ಹೆಚ್ಚುತ್ತದೆ. ಅದನ್ನು ಸರಿಪಡಿಸಬೇಕಾದ್ದು ಕ್ಲಚ್ಚಿನ ಒಳಗಿನ ರಿಂಗಿನಲ್ಲಿ. ಹೊರಗಿನ ಲಿಂಕೇಜ್ ತಿರುಗಿಸಿ ಪೆಡಲನ್ನು ಮಾತ್ರ ಸರಿಮಾಡುವವರು ಇದ್ದಾರೆ. ಹಾಗೆ ಮಾಡಿದರೆ ಫ್ರೀ ಪ್ಲೇ ಬರುತ್ತದೆ, ಆದರೆ ಬೇರಿಂಗ್ ಕ್ಲಚ್ ಬ್ರೇಕಿನವರೆಗೆ ಹೋಗುವುದೇ ಇಲ್ಲ. ಕೆಳಗಿನ ಕವರ್ ತೆಗೆದು, ಎಂಜಿನ್ನನ್ನು ಕೈಯಿಂದ ತಿರುಗಿಸಿ ರಿಂಗಿನ ಲಾಕ್ ಎದುರಿಗೆ ಬರುವಂತೆ ಮಾಡಿ. ಇನ್ನೊಬ್ಬರು ಪೆಡಲ್ ಒತ್ತಿ ಹಿಡಿದಿರುವಾಗಲೇ ರಿಂಗ್ ತಿರುಗಿಸಬೇಕು, ಪೆಡಲ್ ಬಿಟ್ಟ ಮೇಲೆಯೇ ಅಳೆಯಬೇಕು. ನಿಮ್ಮ ಕೈ ಒಳಗಿರುವಷ್ಟು ಹೊತ್ತು ಕೀ ನಿಮ್ಮ ಜೇಬಿನಲ್ಲಿರಲಿ. ಮುಗಿದ ಮೇಲೆ ಬೇರಿಂಗ್ ಮತ್ತು ಕ್ಲಚ್ ಬ್ರೇಕಿನ ನಡುವೆ ದಪ್ಪ ಕಾಗದದ ಪಟ್ಟಿಯೊಂದನ್ನು ಇಟ್ಟು ಪೆಡಲ್ ಪೂರ್ತಿ ಒತ್ತಿಸಿ, ನಿಧಾನವಾಗಿ ಬಿಡಿಸಿ. ಪಟ್ಟಿ ಬಿಗಿಯಾಗಿ ಸಿಕ್ಕಿಕೊಂಡಿದ್ದು, ಪೆಡಲ್ ನೆಲದಿಂದ ಸುಮಾರು 25 ಮಿ.ಮೀ. ಮೇಲೇಳುವಷ್ಟರಲ್ಲಿ ಕೈಗೆ ಬಿಟ್ಟು ಬಂದರೆ ಅಳತೆ ಸರಿಯಿದೆ.

ಇನ್ನು ಪರೀಕ್ಷೆ. ಎಂಜಿನ್ ಬಿಸಿಯಾದ ಮೇಲೆ, ಪಾರ್ಕಿಂಗ್ ಬ್ರೇಕ್ ಹಾಕಿ, ಲಾರಿಯ ಮುಂದೆ ಹಿಂದೆ ಯಾರೂ ಇಲ್ಲದಂತೆ ನೋಡಿಕೊಂಡು ಮೇಲಿನ ಗೇರ್ ಹಾಕಿ. ಬ್ರೇಕ್ ಪೆಡಲನ್ನೂ ಒತ್ತಿ ಹಿಡಿದು ಕ್ಲಚ್ ನಿಧಾನವಾಗಿ ಬಿಡಿ. ಎಂಜಿನ್ ಕೂಡಲೇ ನಿಲ್ಲಬೇಕು. ಓಡುತ್ತಲೇ ಇದ್ದರೆ ಕ್ಲಚ್ ಸ್ಲಿಪ್ ಆಗುತ್ತಿದೆ, ತಕ್ಷಣ ಪೆಡಲ್ ಒತ್ತಿ. ಇದನ್ನು ಸಾಲಾಗಿ ಮಾಡಬೇಡಿ, ಪ್ರತಿ ಸಲವೂ ಲೈನಿಂಗ್ ಸುಡುತ್ತದೆ. ಬಿಡುವ ಪರೀಕ್ಷೆಗೆ ಐಡ್ಲಿಂಗಿನಲ್ಲಿ ಕ್ಲಚ್ ಪೂರ್ತಿ ಒತ್ತಿ, ಐದು ಸೆಕೆಂಡ್ ಕಾದು ರಿವರ್ಸ್ ಹಾಕಿ. ಆಗಲೂ ಕರಕರ ಎಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ.

ಸದ್ದನ್ನೂ ಕೇಳಿ. ನ್ಯೂಟ್ರಲ್‌ನಲ್ಲಿ ಪೆಡಲ್ ಮೇಲಿದ್ದಾಗ ಬಂದು, ಒತ್ತಿದಾಗ ನಿಲ್ಲುವ ಸದ್ದು ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ಕಡೆಯದು. ಹಗುರವಾಗಿ ಒತ್ತಿದೊಡನೆ ಶುರುವಾದರೆ ರಿಲೀಸ್ ಬೇರಿಂಗ್. ಪೂರ್ತಿ ಒತ್ತಿ ಗೇರ್ ಹಾಕಿ ನಿಂತಾಗ ಮಾತ್ರ ಕಿರುಗುಟ್ಟಿದರೆ ಫ್ಲೈವೀಲಿನ ನಡುವಿನ ಪೈಲಟ್ ಬೇರಿಂಗ್ ನೋಡಿ.

ಅಡ್ಜಸ್ಟ್ ಸರಿಯಿದ್ದೂ ಸ್ಲಿಪ್ ಆದರೆ ಗೇರ್‌ಬಾಕ್ಸ್ ಇಳಿಸಲೇಬೇಕು. ಒಳಗಿನ ಧೂಳಿಗೆ ಗಾಳಿ ಹೊಡೆಯಬೇಡಿ, ಹಳೆಯ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಿಂದ ಒರೆಸಿ. ರಿವೆಟ್ ತಲೆ ಲೈನಿಂಗಿನ ಮೇಲ್ಮೈಯಿಂದ 0.3 ಮಿ.ಮೀ. ಆಳವೂ ಇಲ್ಲದಿದ್ದರೆ ಪ್ಲೇಟ್ ಮುಗಿಯಿತು. ಲೈನಿಂಗ್ ಎಣ್ಣೆಯಿಂದ ಕಪ್ಪಾಗಿದ್ದರೆ ಎಂಜಿನ್ನಿನ ಹಿಂದಿನ ಸೀಲ್, ಗೇರ್‌ಬಾಕ್ಸಿನ ಮುಂದಿನ ಸೀಲ್ ಎರಡನ್ನೂ ನೋಡಿ ಸೋರಿಕೆ ನಿಲ್ಲಿಸಿದ ಮೇಲೆಯೇ ಹೊಸ ಪ್ಲೇಟ್ ಕೂರಿಸಿ.