ಆಮ್ಮೀಟರ್ ಬಿಟ್ಮೇಲೇ ಕೆಸಿಎಲ್ ಸರಿಯಾಗಿ ಬಂತು: ನನ್ನ ಅನುಭವ

ಮೂರು ಕರೆಂಟು, ಒಂದು ನೋಡ್ (ವೈರುಗಳು ಕೂಡೋ ಜಾಗ). ಒಳಗೆ ಬಂದಿದ್ದೂ ಹೊರಗೆ ಹೋಗಿದ್ದೂ ಸಮ ಆಗ್ಬೇಕು, ಕೆಸಿಎಲ್ ಅಂದ್ರೆ ಕಿರ್ಚಾಫನ ಕರೆಂಟ್ ನಿಯಮ ಅಷ್ಟೇ ತಾನೆ. ಇಷ್ಟನ್ನ ಮೀಟರ್ ಮೇಲೆ ನೆಟ್ಟಗೆ ತೋರ್ಸಕ್ಕೆ ನಂಗೆ ಹತ್ರತ್ರ ಎರಡು ವರ್ಷ ಬೇಕಾಯ್ತು ಅಂದ್ರೆ ನಗ್ತೀರೇನೋ, ನಗಿ ಪರ್ವಾಗಿಲ್ಲ, ನಿಮ್ ಲ್ಯಾಬಲ್ಲಿ ಹುಡುಗ್ರು ರೆಕಾರ್ಡ್ ಬರೆಯೋದು ಹೇಗೆ ಅಂತ ನಂಗೂ ಗೊತ್ತು. ಮೊದ್ಲು ಲೆಕ್ಕ ಮಾಡ್ಕೊಳ್ಳೋದು, ಆಮೇಲೆ ಕೊನೇ ಅಂಕಿ ಚೂರು ಆಚೆಈಚೆ ಮಾಡಿ "ಆಬ್ಸರ್ವ್ಡ್" ಕಾಲಂಗೆ ತುಂಬೋದು, ಸೈನ್ ಹಾಕಿಸ್ಕೊಳ್ಳೋದು.

ನಂದು ಮಾಮೂಲಿ ಸರ್ಕ್ಯೂಟೇ. 100 ಓಮ್ ಸೀರೀಸಲ್ಲಿ, ಅದಾದ್ಮೇಲೆ 220 ಮತ್ತೆ 330 ಪ್ಯಾರಲಲ್, ರೆಸಿಸ್ಟರ್ ಬಿಸಿ ಆಗ್ಬಾರ್ದು ಅಂತ ಒಂದೇ ವೋಲ್ಟು. ಲೆಕ್ಕದಲ್ಲಿ ಒಳಗೆ ಬರೋದು 4.31, 220ರಲ್ಲಿ ಹೋಗೋದು 2.59, 330ರಲ್ಲಿ 1.72 ಮಿಲಿಆಂಪ್ ಬರ್ಬೇಕು. ಮೀಟರ್ ಹಾಕಿದ್ರೆ ಸುಮಾರು 4.13, 2.50, ಕೊನೇದು 1.38. ಕೊನೇ ಎರಡನ್ನ ಕೂಡಿದ್ರೆ 3.88. ಕಾಲು ಮಿಲಿಆಂಪ್ ಎಲ್ಲಿ ಹೋಯ್ತು? ಒಬ್ಬ ಹುಡುಗ "ಸಾರ್ ಲೀಕ್ ಆಗ್ತಿದೆ" ಅಂದ. ನಮ್ ಸೀನಿಯರ್ ಒಬ್ರು "ಟಾಲರೆನ್ಸ್ ಕಣ್ರಿ, ಬಿಡಿ" ಅಂದ್ರು, ಅಂದ್ರೆ ರೆಸಿಸ್ಟರ್ ಮೇಲೆ ಬರೆದಿರೋ ಓಮಿಗಿಂತ ನಿಜದ್ದು ಚೂರು ಆಚೆಈಚೆ ಇರೋದು. ಟಾಲರೆನ್ಸ್ ಆಗಿದ್ರೆ ಲೆಕ್ಕಕ್ಕೂ ರೀಡಿಂಗಿಗೂ ವ್ಯತ್ಯಾಸ ಬರ್ಬೇಕು, ರೀಡಿಂಗುಗಳೇ ಒಂದಕ್ಕೊಂದು ಕೂಡ್ಬರದೇ ಇರಕ್ಕೆ ಅದು ಹೇಗ್ರೀ ಕಾರಣ ಆಗತ್ತೆ?

ದುಡ್ಡು ಸುಟ್ಟಿದ್ದು ಇಲ್ಲೇ. ಮೀಟರೇ ಸರಿ ಇಲ್ಲ ಅಂದ್ಕೊಂಡು ಇನ್ನೊಂದು ತಂದೆ, ಅದೂ ಅದೇ ಹೇಳ್ತು. ಪ್ರೋಬ್ ಬದಲಾಯ್ಸ್ದೆ. ಒಂದಿನ ಆತುರದಲ್ಲಿ ಆಮ್ಮೀಟರ್ ಜ್ಯಾಕಲ್ಲೇ ಸಪ್ಲೈಗೆ ಅಡ್ಡ ಇಟ್ಟೆ, 200 ಮಿಲಿಆಂಪ್ ಫ್ಯೂಸ್ ಹೋಯ್ತು, ಹಾಕ್ದೆ, ಮುಂದಿನ ಬ್ಯಾಚಿನ ಹುಡುಗ್ರೂ ಅದನ್ನೇ ಮಾಡಿದ್ರು. ಆ ಸೆಮಿಸ್ಟರಲ್ಲಿ ಫ್ಯೂಸಿಗೆ ಹೋಗಿದ್ ದುಡ್ಡಲ್ಲಿ ಇನ್ನೊಂದು ಮೀಟರೇ ಬರ್ತಿತ್ತು, ಎಲ್ಲಾ ನನ್ ಜೇಬಿಂದೇ, ಬಿಲ್ ಕೊಟ್ಟಿದ್ದು ಇವತ್ತಿಗೂ ಪಾಸಾಗಿಲ್ಲ. ಹತ್ತು ಆಂಪ್ ಜ್ಯಾಕಿಗೆ ನಮ್ ಅಗ್ಗದ ಮೀಟರಲ್ಲಿ ಫ್ಯೂಸೇ ಇಲ್ಲ, ಅದರ ಕಥೆ ಬೇಡ, ಪ್ರೋಬಿನ ತುದಿ ಕರಗಿ ಮಣಿ ಆಗಿ ಕೂತಿದೆ, ಹುಡುಗ್ರಿಗೆ ತೋರ್ಸಕ್ಕೆ ಇಟ್ಕೊಂಡಿದೀನಿ.

ಕೊನೆಗೆ ಹೊಳೆದಿದ್ದು ರೇಂಜ್ ಸ್ವಿಚ್ ನೋಡ್ತಾ ಕೂತಾಗ. ಮೊದಲೆರಡು ಕರೆಂಟನ್ನ 20 ಮಿಲಿಆಂಪ್ ರೇಂಜಲ್ಲಿ ತಗೊಂಡಿದ್ದೆ, ಮೂರನೇದು ಚಿಕ್ಕದು ಅಂತ 2 ಮಿಲಿಆಂಪಿಗೆ ತಿರುಗ್ಸಿದ್ದೆ. ಈ ಮೀಟರಲ್ಲಿ 20ರ ರೇಂಜಿನ ಶಂಟ್ (ಕರೆಂಟ್ ಅಳೆಯಕ್ಕೆ ಮೀಟರ್ ಒಳಗಿರೋ ರೆಸಿಸ್ಟರ್) 10 ಓಮ್, 2ರ ರೇಂಜಿಂದು 100 ಓಮ್! ಅಂದ್ರೆ 330 ಇದ್ದ ಕಡೆ ನಾನೇ 430 ಮಾಡಿ ಅಳೀತಿದ್ದೆ. ಮೂರನ್ನೂ 20ರಲ್ಲೇ ತಗೊಂಡ್ರೆ ಕೊನೇದು 1.68 ಆಯ್ತು, ಕೂಡಿದ್ರೆ 4.18, ಈಗ ಬರೋದಕ್ಕಿಂತ ಹೋಗೋದೇ ಜಾಸ್ತಿ. ಯಾಕಂದ್ರೆ ಒಂದೇ ಮೀಟರನ್ನ ಕಿತ್ತು ಕಿತ್ತು ಬೇರೆ ಬೇರೆ ಕಡೆ ಹಾಕ್ತಿದ್ದಾಗ ಅಳೀತಿದ್ದಿದ್ದು ಮೂರು ಬೇರೆ ಬೇರೆ ಸರ್ಕ್ಯೂಟು. ಪಾಪ ಕಿರ್ಚಾಫ್ ಏನ್ಮಾಡ್ತಾನೆ.

ಅಲ್ಲಿಗೆ ಆಮ್ಮೀಟರ್ ಕೈಬಿಟ್ಟೆ. ಮೂರೂ ಬ್ರಾಂಚಿಗೆ ಒಂದೊಂದು 10 ಓಮ್ ಮೆಟಲ್ ಫಿಲ್ಮ್ ರೆಸಿಸ್ಟರ್ ಪರ್ಮನೆಂಟಾಗಿ ಹಾಕಿ, ಮೀಟರನ್ನ 200 ಮಿಲಿವೋಲ್ಟ್ ರೇಂಜಲ್ಲಿಟ್ಟು ಅವುಗಳ ಮೇಲಿನ ವೋಲ್ಟೇಜ್ ಡ್ರಾಪ್ ಮಾತ್ರ ನೋಡೋದು, ಕರೆಂಟ್ ಎಷ್ಟು ಪಟ್ಟೋ ಡ್ರಾಪೂ ಅಷ್ಟೇ ಪಟ್ಟು (ಅದೇ ಓಮ್ಸ್ ಲಾ). ಸರ್ಕ್ಯೂಟ್ ಬಿಚ್ಚೋದೇ ಇಲ್ಲ, ರೇಂಜ್ ತಿರುಗ್ಸೋದೂ ಇಲ್ಲ, ಮೀಟರೇ ಒಂದು ಪರ್ಸೆಂಟ್ ಸುಳ್ಳು ಹೇಳಿದ್ರೂ ಮೂರಕ್ಕೂ ಅದೇ ಸುಳ್ಳು.

"ಓಮ್ಸ್ ಲಾ ನಂಬ್ಕೊಂಡು ಕಿರ್ಚಾಫನ್ನ ಪ್ರೂವ್ ಮಾಡ್ತೀರಾ?" ಅಂದ್ರು ಅದೇ ಸೀನಿಯರ್. ಇಲ್ಲ ಸಾರ್, ಮೂರನ್ನೂ ಸೀರೀಸಲ್ಲಿ ಹಾಕಿ ಒಂದೇ ಮಿಲಿವೋಲ್ಟ್ ತೋರ್ಸೋವನ್ನ ಆರಿಸ್ಕೊಂಡಿದೀನಿ, ಎಷ್ಟು ಓಮ್ ಅಂತ ಗೊತ್ತಿರ್ಬೇಕಾಗೇ ಇಲ್ಲ ಅಂದೆ. "ಸೀರೀಸಲ್ಲಿ ಕರೆಂಟ್ ಒಂದೇ ಅನ್ನೋದೂ ಕೆಸಿಎಲ್ಲೇ ಅಲ್ವೇನ್ರಿ" ಅಂದ್ರು. ಒಳ್ಳೇ ಪಾಯಿಂಟು, ಒಪ್ಕೋಬೇಕು. ಅದಕ್ಕೆ ಮೂರನ್ನೂ ಒಂದರ ಜಾಗಕ್ಕೆ ಇನ್ನೊಂದು ಹಾಕಿ ಅದಲುಬದಲು ಮಾಡಿ ಮತ್ತೆ ಅಳೆದೆ. ಅವುಗಳಲ್ಲಿ ವ್ಯತ್ಯಾಸ ಇದ್ದಿದ್ರೆ ಯಾವ್ದಾದ್ರೂ ಒಂದು ಜೋಡಣೇಲಿ ಮೊತ್ತ ತಪ್ಪಬೇಕಿತ್ತು. ತಪ್ಪಲಿಲ್ಲ.

ಮೊದ್ಲು ಬ್ರೆಡ್‌ಬೋರ್ಡ್ (ಬೆಸುಗೆ ಇಲ್ದೆ ವೈರ್ ಚುಚ್ಚಿ ಜೋಡಿಸೋ ಹಲಗೆ) ಮೇಲೆ ಮಾಡಿ ಅದರಲ್ಲೂ ಕೈ ಸುಟ್ಕೊಂಡೆ. ಹಳೇ ಬೋರ್ಡು, ಕ್ಲಿಪ್ ಸಡಿಲ, ವೈರ್ ಮುಟ್ಟಿದ್ರೆ ಸಾಕು ರೀಡಿಂಗ್ ಕುಣಿಯೋದು. ಬೆಸುಗೆ ಹಾಕಿ ಬೋರ್ಡ್ ಮಾಡ್ದೆ. ಟ್ಯಾಪ್ ವೈರ್ (ಡ್ರಾಪ್ ನೋಡಕ್ಕೆ ಮೀಟರಿಗೆ ಹೋಗೋ ವೈರ್) ಎಲ್ಲಿಂದ ತಗೀಬೇಕು ಅನ್ನೋದ್ರಲ್ಲಿ ಒಂದು ಚಮತ್ಕಾರ ಇದೆ, ಅದನ್ನ ಇಲ್ಲಿ ಬರೆಯಲ್ಲ, ಒಂದು ಬೋರ್ಡ್ ಹಾಳ್ಮಾಡ್ಕೊಂಡ್ರೆ ನಿಮಗೇ ಗೊತ್ತಾಗತ್ತೆ. 9 ವೋಲ್ಟ್ ಬ್ಯಾಟರೀನೂ ಬೇಡ, ಮೂರನೇ ರೀಡಿಂಗ್ ತಗೊಳ್ಳೋಷ್ಟ್ರಲ್ಲಿ ಮೊದಲ್ನೇದು ಇಳಿದಿರತ್ತೆ. ಸ್ವತಃ ಓಮ್‌ಗೇ ಈ ತಲೆನೋವು ಇತ್ತು, ಅವನ ಕಾಲದ ಬ್ಯಾಟರಿ ನಿಂತಲ್ಲಿ ನಿಲ್ತಿರ್ಲಿಲ್ಲ, ಅದಕ್ಕೇ 1826ರಲ್ಲಿ ಥರ್ಮೋಕಪಲ್ (ಎರಡು ಲೋಹದ ಬೆಸುಗೆಗಳ ಬಿಸಿ ವ್ಯತ್ಯಾಸದಿಂದ ವೋಲ್ಟೇಜ್ ಕೊಡೋದು) ಇಟ್ಕೊಂಡು ಅಳೆದ.

ರಿಸಲ್ಟ್: ಒಂದು ವೋಲ್ಟಿಗೆ ಒಳಗೆ ಬರೋ ಕಡೆ 40.5 ಮಿಲಿವೋಲ್ಟ್, ಹೊರಗೆ ಹೋಗೋ ಈ ಕಡೆ 24.1 ಮತ್ತೆ 16.3. ಕೊನೇ ಅಂಕಿ ಮಾತ್ರ ಒಂದು ಹೆಚ್ಚುಕಮ್ಮಿ. ಮೂರು ವೋಲ್ಟಿಗೆ ಏರ್ಸಿದ್ರೆ 121.4, ಈ ಕಡೆ 72.4, 49.0. ಕೂಡಿ ನೋಡಿ. ಸೀನಿಯರ್ ತಾವೇ ಪ್ರೋಬ್ ಹಿಡಿದು ಎರಡು ಸಲ ನೋಡಿ ಏನೂ ಮಾತಾಡ್ದೆ ಹೋದ್ರು.

ಹುರುಪಲ್ಲಿ ಕೆವಿಎಲ್ಲೂ ಕೆದಕ್ದೆ, ಅದು ಕಿರ್ಚಾಫನ ವೋಲ್ಟೇಜ್ ನಿಯಮ, ಒಂದು ಸುತ್ತಿನ ಡ್ರಾಪುಗಳೆಲ್ಲ ಕೂಡಿ ಸಪ್ಲೈಗೆ ಸಮ ಆಗ್ಬೇಕು. ಎರಡು 1 ಮೆಗಾಓಮ್ ಸೀರೀಸಲ್ಲಿ, 10 ವೋಲ್ಟು. ಒಂದೊಂದರ ಮೇಲೂ 4.76 ಬಂತು, ಅರ್ಧ ವೋಲ್ಟ್ ಮಾಯ. ಮೂಲೇಲಿ ಬಿದ್ದಿದ್ದ ಮುಳ್ಳಿನ ಮೀಟರ್, ವೋಲ್ಟಿಗೆ 20 ಕಿಲೋಓಮ್‌ದು, ಅದನ್ನ 10 ವೋಲ್ಟ್ ರೇಂಜಲ್ಲಿ (ಅಂದ್ರೆ ಒಳಗೆ ಬರೀ 200 ಕಿಲೋಓಮ್) ಹಿಡಿದ್ರೆ ಒಂದೊಂದಕ್ಕೂ ಒಂದೂವರೆ ವೋಲ್ಟೂ ಇಲ್ಲ! ಡಿಜಿಟಲ್ ಮೀಟರಿನ ಒಳಗೆ 10 ಮೆಗಾಓಮ್ ಇದೆಯಲ್ಲ, ಅದು ಯಾವ ರೆಸಿಸ್ಟರ್ ಮೇಲೆ ಕೂರತ್ತೋ ಅದರ ವೋಲ್ಟೇಜನ್ನ ಕೆಳಕ್ಕೆ ಎಳೆಯತ್ತೆ. ಮೀಟರ್ ಒಂದರ ಮೇಲಿದ್ದಾಗ ಇನ್ನೊಂದರ ಮೇಲೆ 10 ಮೆಗಾಓಮ್ ರೆಸಿಸ್ಟರ್ ಒಂದನ್ನ ಕೂರ್ಸಿ, ಮೀಟರ್ ಆ ಕಡೆ ಹೋದಾಗ ಅದನ್ನ ಈ ಕಡೆ ತಂದ್ರೆ 5, 5, ಹತ್ತಕ್ಕೆ ಹತ್ತು.

ಟಾರ್ಚ್ ಬಲ್ಬನ್ನೂ ಬಿಡ್ಲಿಲ್ಲ. 6 ವೋಲ್ಟ್ 0.3 ಆಂಪಿಂದು, ಉರಿಯುವಾಗ 20 ಓಮ್ ಆಗ್ಬೇಕು, ತಣ್ಣಗಿದ್ದಾಗ ಮೀಟರ್ ಎರಡೋ ಎರಡೂವರೆಯೋ ತೋರ್ಸ್ತು. ಈಗ ಅದನ್ನ 330ರ ಜಾಗಕ್ಕೆ ಹಾಕಿಟ್ಟಿದೀನಿ, ಓಮ್ಸ್ ಲಾ ಗ್ರಾಫ್ ಸೊಟ್ಟ ಬಂದ್ರೂ ಕೆಸಿಎಲ್ ಮಾತ್ರ ಕೂಡ್ಕೊಂಡೇ ಬರ್ತಿದೆ. ಮುಂದಿನ ವಾರ ಆ ಸೀನಿಯರನ್ನ ಮತ್ತೆ ಕರೀಬೇಕು ಅಂತಿದೀನಿ.